ಭರಣಿಯ ಉಪ್ಪು, ಪೊಟ್ಟಣದ ಉಪ್ಪು

ಮಲೆನಾಡಿನ ಮನೆಗೆ ಬಿಪಿ ಬಂತೆಂದರೆ ಮೊದಲು ಅಟ್ಟ ಸೇರುವುದು ಅಪ್ಪೆಮಿಡಿಯ ಭರಣಿ. ಹಿಂದೆಯೇ ಹಪ್ಪಳ, ಬಾಳಕದ ಮೆಣಸು, ಮಳೆಗಾಲಕ್ಕೆಂದು ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಡಾಕ್ಟರು ಬಿಡಿ ಎಂದದ್ದು ಸರಿಯೇ. ಉಪ್ಪು ಕುಡಿಯದ ಮಿಡಿ ವರ್ಷ ತಡೆಯುವುದಿಲ್ಲ. ಆದರೆ ಇಷ್ಟೆಲ್ಲ ತ್ಯಾಗ ಮಾಡಿದವರೇ ಕಾರ್ಗಲ್ ಪೇಟೆಯಲ್ಲಿ ಬಸ್ಸು ಕಾಯುತ್ತ ಚಿಪ್ಸ್ ಪೊಟ್ಟಣ ಒಡೆಯುತ್ತಾರೆ, ಚಹಾಕ್ಕೆ ಖಾರಾ ಬಿಸ್ಕತ್ತು ಅದ್ದುತ್ತಾರೆ, ರಾತ್ರಿ ಅಡುಗೆಗೆ ಬೇಸರವಾದರೆ ನೂಡಲ್ಸ್ ಬೇಯಿಸುತ್ತಾರೆ. ಇದನ್ನು ಯಾರೂ ಉಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ತಕರಾರು ಅಲ್ಲೇ: ಪೊಟ್ಟಣದ ಉಪ್ಪನ್ನು ನಾಲಿಗೆಯಿಂದ ಅಳೆಯಲಾಗದು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚ. ಅದರಲ್ಲಿ ಸುಮಾರು 2000 ಮಿಲಿಗ್ರಾಂ ಸೋಡಿಯಂ. ಮಸಾಲೆ ಸೇರಿಸಿ ನೂಡಲ್ಸಿನ ಒಂದು ಸಣ್ಣ ಪೊಟ್ಟಣವೇ ಬಹಳ ಸಲ 2 ಗ್ರಾಂ ಉಪ್ಪಿನ ಹತ್ತಿರ ಹೋಗುತ್ತದೆ. ಮಿಡಿಯನ್ನು ಎಲೆಯ ತುದಿಗೆ ಬಡಿಸಿಕೊಂಡು ಮೊಸರನ್ನಕ್ಕೆ ನಂಜಿಕೊಳ್ಳುತ್ತೇವೆ, ಹೆಚ್ಚಾದರೆ ಬಾಯಿಯೇ ಸಾಕೆನ್ನುತ್ತದೆ. ನೂಡಲ್ಸ್ ಹಾಗಲ್ಲ, ಅದೇ ಊಟ. ಬ್ರೆಡ್ಡಿನಲ್ಲಿ ಉಪ್ಪು ಇದೆಯೆಂದು ಅನಿಸುವುದೇ ಇಲ್ಲ. ಸಿಹಿ ಬಿಸ್ಕತ್ತಿಗೂ ಅಡುಗೆ ಸೋಡಾದಿಂದ ಸೋಡಿಯಂ ಬಂದಿರುತ್ತದೆ. ಉಪ್ಪು ಬಿಪಿ ಏರಿಸುತ್ತದೆ ಎಂಬುದು ಬರೀ ಗುಮಾನಿಯಲ್ಲ. ಅಮೆರಿಕದಲ್ಲಿ 412 ಜನರಿಗೆ ಮೂರು ಪ್ರಮಾಣದ ಉಪ್ಪಿನ ಊಟ ಕೊಟ್ಟು ನೋಡಿದ ಡ್ಯಾಶ್ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು: ಉಪ್ಪು ಇಳಿದಂತೆ ರಕ್ತದೊತ್ತಡವೂ ಇಳಿಯಿತು, ಬಿಪಿ ಇದ್ದವರಲ್ಲಿ ಇನ್ನೂ ಹೆಚ್ಚು.

ಅಜ್ಜ ದಿನಾ ಮಿಡಿ ತಿಂದೇ ತೊಂಬತ್ತು ದಾಟಿದ ಎನ್ನುವವರಿದ್ದಾರೆ. ಅಜ್ಜನ ಬಿಪಿ ನೋಡಿದವರು ಯಾರು? ಲಕ್ವ ಹೊಡೆದು ಹಾಸಿಗೆ ಹಿಡಿದವರು ಆ ಕಥೆಯೊಳಗೆ ಬರುವುದೇ ಇಲ್ಲ. ತೋಟದಲ್ಲಿ ಬೆವರು ಸುರಿಸುವವರಿಗೆ ಉಪ್ಪು ಬೇಕಲ್ಲ ಎಂಬ ಮಾತಿಗೆ ಸ್ವಲ್ಪ ತೂಕವಿದೆ. ಆದರೆ ಮನೆಯ ಸಾರು, ಪಲ್ಯದಲ್ಲೇ ಸಾಮಾನ್ಯವಾಗಿ ಅದಕ್ಕೆ ಸಾಕಷ್ಟಿರುತ್ತದೆ, ಮೇಲಾಗಿ ಚಿಪ್ಸ್ ತಿನ್ನುವುದು ಅಡಿಕೆ ಮರ ಹತ್ತುವ ಕೊನೆಗೌಡರಿಗಿಂತ ಕುರ್ಚಿಯಲ್ಲಿ ಕೂತವರೇ ಹೆಚ್ಚು. ಸೈಂಧವ ಲವಣ ಬಳಸುತ್ತೇನಲ್ಲ ಎಂದರೆ, ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡು. ಮಾತ್ರೆ ನುಂಗುತ್ತೇನಲ್ಲ ಎಂದರೆ, ಮಾತ್ರೆ ಇಳಿಸಿದ್ದನ್ನು ಉಪ್ಪು ಮತ್ತೆ ಏರಿಸುತ್ತದೆ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿನಿಂದ ಚೀನಾದ ಹಳ್ಳಿಗಳಲ್ಲಿ ಲಕ್ವ ಕಡಿಮೆಯಾದದ್ದು 2021ರ ಅಧ್ಯಯನದಲ್ಲಿ ಕಂಡಿತು. ಆದರೆ ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದು ಅಪಾಯ, ಬಿಪಿಯ ಕೆಲವು ಮಾತ್ರೆಗಳ ಜೊತೆಗೂ ಆಗಿಬರುವುದಿಲ್ಲ. ಡಾಕ್ಟರನ್ನು ಕೇಳದೆ ತರಬೇಡಿ.

ಮುಂದಿನ ಸಲ ಪೊಟ್ಟಣದ ಬೆನ್ನು ತಿರುಗಿಸಿ ಸೋಡಿಯಂ ಎಷ್ಟೆಂದು ನೋಡಿ, ಎರಡೂವರೆಯಿಂದ ಗುಣಿಸಿ. ಉಪ್ಪಿನ ಲೆಕ್ಕ ಸಿಗುತ್ತದೆ. ಬರೆದದ್ದು ಇಡೀ ಪೊಟ್ಟಣಕ್ಕೋ 100 ಗ್ರಾಮಿಗೋ ಎಂದೂ ಗಮನಿಸಿ. ಅಕ್ಷರ ಬಲು ಸಣ್ಣದು, ಕನ್ನಡಕ ಮರೆಯಬೇಡಿ.