ನಾಯಿಯ ತುರಿಕೆಗೆ ಮೊಸರು ಮದ್ದೇ?

ಮನೆಮನೆಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದ ಫಲವಾಗಿ 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಹುಚ್ಚುನಾಯಿಯ ಭಯ ಹೀಗೆ ತಗ್ಗಿತು. ಆದರೆ ಮೈ ತುರಿಸಿಕೊಳ್ಳುವ ನಾಯಿಯ ಭಯ ಇನ್ನೂ ತಗ್ಗಿಲ್ಲ. ಮಳೆಗಾಲದಲ್ಲಿ ಇಲ್ಲಿನ ತೇವಕ್ಕೆ ಗೋಡೆಗಳಿಗೆ ಬೂಸ್ಟು ಹಿಡಿಯುವಾಗ ಇಂಥ ನಾಯಿಗಳು ಹೆಚ್ಚುತ್ತವೆ. ಎಷ್ಟೋ ಮನೆಗಳು ಅವನ್ನು ಬೀದಿಗೆ ಅಟ್ಟುತ್ತವೆ.

ನಮ್ಮ ಗುರುಮನೆಯ ಅಂಗಳಕ್ಕೆ ತಾನಾಗಿ ಬಂದು ಉಳಿದ ನಾಯಿ ಬ್ರೌನಿ. ಎರಡನೆಯ ಮಳೆಗಾಲದಲ್ಲಿ ಅದು ರಾತ್ರಿಯಿಡೀ ಪಾದ ನೆಕ್ಕತೊಡಗಿತು. ಕಿವಿ ಕೆಂಪಾಯಿತು, ಹೊಟ್ಟೆಯ ಕೂದಲು ಉದುರಿತು. ಕನ್ನಡ ಪೂಜೆಗೆ ಬರುವ ಬಾಗಲಕೋಟೆ ಕಡೆಯ ತಾಯಿಯೊಬ್ಬರು ಮಗುವನ್ನು ಎತ್ತಿಕೊಂಡು ದೂರ ನಿಂತೇ ಹೇಳಿದರು: "ಫಾದರ್, ಈ ನಾಯೀನ ಎಲ್ಲೆರೆ ದೂರ ಬಿಟ್ಟು ಬರ್ರಿ. ಹುಡುಗ್ರಿಗೆ ಕಜ್ಜಿ ಹತ್ತತೈತಿ."

ಅವರ ಅಂಜಿಕೆಗೆ ಕಾರಣವಿತ್ತು. ಕಣ್ಣಿಗೆ ಕಾಣದ ನುಸಿಯಿಂದ ಬರುವ ಕಜ್ಜಿಯೂ ಹುಳುಕಡ್ಡಿಯೂ ನಾಯಿಯಿಂದ ಮನುಷ್ಯರಿಗೆ ಅಂಟಬಲ್ಲವು. ಅಲರ್ಜಿ ಅಂಟುವುದಿಲ್ಲ. ನೋಡುವವರಿಗೆ ಮಾತ್ರ ಎಲ್ಲವೂ ಒಂದೇ ತರಹ. ಆದ್ದರಿಂದ ಬ್ರೌನಿಯ ಭವಿಷ್ಯ ಪರೀಕ್ಷೆಯ ಮೇಲೆ ನಿಂತಿತು.

ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನುಸಿ ಕಾಣದಿದ್ದರೂ ಅದಕ್ಕೂ ಚಿಗಟಕ್ಕೂ ಮದ್ದು ಕೊಟ್ಟರು. ತುರಿಕೆ ನಿಲ್ಲಲಿಲ್ಲ. ಆಮೇಲೆ, ಇದು ಅಲರ್ಜಿ ಎಂದರು. ಮನೆಯ ಧೂಳಿನ ನುಸಿ, ಬೂಸ್ಟು, ಹೂವಿನ ಪರಾಗಗಳಿಗೆ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳುವ ಈ ಕಾಯಿಲೆ ಪೂರ್ತಿ ವಾಸಿಯಾಗುವುದು ಅಪರೂಪ, ಹತೋಟಿಯಲ್ಲಿಡಬಹುದು. ಈ ಮಾತು ತಿಳಿಸಿದ ಮೇಲೆ ಆ ತಾಯಿಯೂ ನಾಯಿ ಇರಲಿ ಎಂದರು.

ತುರಿಕೆ ತಗ್ಗಿಸುವ ಮಾತ್ರೆ, ಔಷಧಿ ಶಾಂಪೂವಿನ ಸ್ನಾನ, ಜೊತೆಗೆ ಪ್ರೋಬಯಾಟಿಕ್ ಪುಡಿ, ಅಂದರೆ ಉಪಕಾರಿ ಬ್ಯಾಕ್ಟೀರಿಯಾಗಳ ಪುಡಿ. ಹೊಟ್ಟೆಗೆ ಕೊಡುವುದಕ್ಕೂ ಚರ್ಮಕ್ಕೂ ಏನು ಸಂಬಂಧ ಎಂದು ನಾವು ಕೇಳಿದೆವು. ಯಾವುದನ್ನು ಎದುರಿಸಬೇಕು, ಯಾವುದನ್ನು ಸಹಿಸಬೇಕು ಎಂಬುದನ್ನು ರಕ್ಷಣಾ ವ್ಯವಸ್ಥೆ ಬಹುಮಟ್ಟಿಗೆ ಕರುಳಿನಲ್ಲಿ, ಅಲ್ಲಿನ ಬ್ಯಾಕ್ಟೀರಿಯಾಗಳ ಒಡನಾಟದಲ್ಲಿ ಕಲಿಯುತ್ತದಂತೆ.

2001ರಲ್ಲಿ ಫಿನ್ಲೆಂಡಿನ ವೈದ್ಯರು ಅಲರ್ಜಿಯಿರುವ ಕುಟುಂಬಗಳ ಗರ್ಭಿಣಿಯರಿಗೂ ಹೆರಿಗೆಯ ನಂತರವೂ ಲ್ಯಾಕ್ಟೋಬ್ಯಾಸಿಲಸ್ ಜಿಜಿ ಎಂಬ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. 2 ವರ್ಷದ ಹೊತ್ತಿಗೆ ಅದು ಸಿಗದ ಮಕ್ಕಳಲ್ಲಿ ಶೇ. 46ರಷ್ಟು, ಸಿಕ್ಕವರಲ್ಲಿ ಶೇ. 23ರಷ್ಟು ಮಂದಿಗೆ ಇಸುಬು ಬಂದಿತ್ತು. ಮುಂದಿನ ಎಲ್ಲ ಅಧ್ಯಯನಗಳಲ್ಲಿ ಇಷ್ಟು ಫಲ ಕಾಣಲಿಲ್ಲ. ಅಮೆರಿಕದ ಪಶುವೈದ್ಯೆ ರೊಸಾನಾ ಮಾರ್ಸೆಲಾ ಅದೇ ಬ್ಯಾಕ್ಟೀರಿಯಾವನ್ನು ಅಲರ್ಜಿಯುಳ್ಳ ಬೀಗಲ್ ನಾಯಿಗಳ ಮರಿಗಳಿಗೆ ಕೊಟ್ಟು 2009ರಲ್ಲಿ ವರದಿ ಮಾಡಿದರು. ರಕ್ತದಲ್ಲಿ ಅಲರ್ಜಿ ಸೂಚಿಸುವ ಅಂಶ ತಗ್ಗಿತ್ತು. ಆದರೆ ಹೊರಗೆ ಕಾಣುವ ಲಕ್ಷಣಗಳಲ್ಲಿ ಆಗ ದೊಡ್ಡ ವ್ಯತ್ಯಾಸವಿರಲಿಲ್ಲ. ಎಂದರೆ ಇದು ಊರುಗೋಲು, ಕಾಲಲ್ಲ.

"ಹಾಗಾದರೆ ಮನೆಯ ಮೊಸರೇ ಸಾಕಲ್ಲ ಫಾದರ್?" ಎಂದು ಹಲವರು ಕೇಳುತ್ತಾರೆ. ಮನೆಯ ಮೊಸರಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಅಲ್ಲದೆ, ನಾಯಿಗಳಲ್ಲಿ ಆಹಾರದ ಅಲರ್ಜಿ ತರುವ ಮುಖ್ಯ ಪದಾರ್ಥಗಳು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಪೊದೇರ್ ತರುವ ಪಾವ್, ಉಳಿದ ಮಾಂಸದ ಸಾರು ತಿನ್ನುವ ಗೋವಾದ ನಾಯಿಗೆ ಇವೆಲ್ಲ ನಿತ್ಯದ ಊಟ. ಆದ್ದರಿಂದ ವೈದ್ಯರು ಹೇಳಿದ ಒಂದೇ ಆಹಾರವನ್ನು ನಾವು 8 ವಾರ ಕೊಟ್ಟೆವು. ಆಗ ಮೊಸರೂ ನಿಷಿದ್ಧ.

ಎರಡು ತಿಂಗಳಲ್ಲಿ ಬ್ರೌನಿ ರಾತ್ರಿ ನಿದ್ದೆ ಮಾಡತೊಡಗಿತು. ಫಲ ಮಾತ್ರೆಯದೋ, ಸ್ನಾನದ್ದೋ, ಪುಡಿಯದೋ ಬಿಡಿಸಿ ಹೇಳಲಾಗದು. ಅದಕ್ಕೇ ಪುಡಿಯನ್ನು ನಂಬಿ ಮಾತ್ರೆ ನಿಲ್ಲಿಸಲಿಲ್ಲ.

ನಿಮ್ಮ ನಾಯಿ ತುರಿಸಿಕೊಂಡರೆ ಮೊದಲು ಪರೀಕ್ಷೆ ಮಾಡಿಸಿ. ಸೀಮೆಎಣ್ಣೆ, ಗಾಡಿಯ ಆಯಿಲ್ ಹಚ್ಚಬೇಡಿ. ಅದು ನೆಕ್ಕಿದರೆ ವಿಷ. ಮನುಷ್ಯರ ಪ್ರೋಬಯಾಟಿಕ್ ಕೊಡಬೇಡಿ. ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ನಾಯಿಯ ಪ್ರಾಣಕ್ಕೇ ಅಪಾಯ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಅದನ್ನು ಬೀದಿಗೆ ಅಟ್ಟಬೇಡಿ.