ಹರೆಯದವರ ಲಕ್ವ



ಲಕ್ವವೆಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವುದು ಊರುಗೋಲು ಹಿಡಿದ ವೃದ್ಧರ ಚಿತ್ರ. ಆದಕಾರಣವೇ 25 ವರ್ಷದ ಯುವಕನ ನಾಲಗೆ ಹಠಾತ್ತನೆ ತೊದಲಿದರೆ ಕುಡಿದಿದ್ದಾನೆಂದೂ, ತಲೆಸುತ್ತಿ ವಾಲಿದರೆ ಪಿತ್ತವೆಂದೂ ಜನರು ತೀರ್ಮಾನಿಸಿಬಿಡುತ್ತಾರೆ. ವೈದ್ಯರೂ ಒಮ್ಮೊಮ್ಮೆ ವಯಸ್ಸನ್ನು ಕಂಡು ಮೋಸಹೋಗುವುದುಂಟು.

ಬಾಯಿ ಸೊಟ್ಟಗಾಗುವುದು, ಮೇಲೆತ್ತಿದ ಕೈಗಳಲ್ಲಿ ಒಂದು ಜೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಥಟ್ಟನೆ ಕಂಡರೂ ಸಾಕು. ವೇಳೆಯನ್ನು ಗುರುತಿಟ್ಟುಕೊಂಡು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು. ರಕ್ತ ಹೆಪ್ಪುಗಟ್ಟಿದೆಯೋ ನಾಳ ಒಡೆದಿದೆಯೋ ಎಂಬುದನ್ನು ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಅದಕ್ಕೆ ಮೊದಲು ಮನೆಯಲ್ಲಿ ಆಸ್ಪಿರಿನ್ ನುಂಗಿಸತಕ್ಕದ್ದಲ್ಲ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ 4½ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಹರೆಯದಲ್ಲಿ ಕಾರಣಗಳೂ ಬೇರೆ. ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ಲಟಿಕೆ ತೆಗೆಸುವ ಚಪಲದಿಂದಲೂ ಕುತ್ತಿಗೆಯ ರಕ್ತನಾಳದ ಒಳಪದರ ಹರಿಯಬಹುದು!

ಬಾಣಂತಿಯರ ವಿಷಯವನ್ನು ವಿಶೇಷವಾಗಿ ಹೇಳಬೇಕು. ಹೆರಿಗೆಯ ನಂತರದ ವಾರಗಳಲ್ಲಿ ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಬಿಡದ ತಲೆನೋವು, ವಾಂತಿ, ಕೈಕಾಲು ಸೆಟೆದು ಮೂರ್ಛೆ, ಆಮೇಲೆ ಒಂದು ಮಗ್ಗುಲು ಸೋಲುವುದು. ಮನೆಯವರು ಸನ್ನಿಯೆಂದೋ ಗಾಳಿ ಸೋಕಿತೆಂದೋ ಬಗೆದು ತಾಯಿತಕ್ಕಾಗಿ ಮಠಕ್ಕೆ ಬರುತ್ತಾರೆ. ವಿಭೂತಿಯನ್ನು ನಾವು ಬೇಡವೆನ್ನೆವು. ಅದನ್ನು ಹಣೆಗೆ ಧರಿಸಿ ಕೂಡಲೇ ವಾಹನ ಹತ್ತಿಸಿರೆಂದೇ ನಮ್ಮ ಅಪ್ಪಣೆ. ಸಾದಾ ಸ್ಕ್ಯಾನಿನಲ್ಲಿ ಈ ರೋಗ ಕಾಣದೆ ಹೋಗಬಹುದು. ಆದ್ದರಿಂದ ಹೆರಿಗೆಯಾದ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಸಿರೆಗಳ ಚಿತ್ರ ತೆಗೆಸಲು ಅದೇ ಅವರಿಗೆ ಸೂಚನೆ.

ಬಾಣಂತಿಗೆ ನೀರು ಕೊಡಬಾರದೆಂಬ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ದೇಹದಲ್ಲಿ ನೀರು ಕಡಿಮೆಯಾದಷ್ಟೂ ರಕ್ತ ಮಂದವಾಗುತ್ತದೆ. ಅಜ್ಜಿಯರು ಮುನಿದರೂ ಚಿಂತೆಯಿಲ್ಲ, ಬಾಯಾರಿದಾಗಲೆಲ್ಲ ಆಕೆಗೆ ನೀರು ಕೊಡಿರಿ.