ಯಾರ ಗಡುವು ಮುಗಿಯುತ್ತೆ, ಯಾರದು ಮುಂದುವರಿಯುತ್ತೆ?



ಅಮೆರಿಕದ ಒಂದು ಲೆಕ್ಕ ಹೇಳ್ತೀನಿ. ಇದು ನಮಗೂ ಸಂಬಂಧಪಟ್ಟದ್ದೇ.

2017ರಲ್ಲಿ ಟ್ರಂಪ್ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿತು. ಅದಕ್ಕೆ ಗಡುವೇ ಇರಲಿಲ್ಲ. ಜನರ ಆದಾಯ ತೆರಿಗೆ ಕಡಿತಕ್ಕೆ ಮಾತ್ರ 2025ರ ಕೊನೆ ಅಂತ ಗಡುವು ಹಾಕಿದರು. ಹೀಗೆ ಮಾಡಿದರೆ ಕಾಗದದ ಮೇಲೆ ಹೊರೆ ಕಡಿಮೆ ಕಾಣುತ್ತೆ. ಗಡುವು ಹತ್ತಿರ ಬಂದಾಗ "ಮುಂದುವರಿಸದಿದ್ದರೆ ಎಲ್ಲರ ತೆರಿಗೆಯೂ ಏರುತ್ತೆ" ಅಂತ ಹೆದರಿಸಬಹುದು. ಬುಷ್ ಕಾಲದ ತೆರಿಗೆ ಕಡಿತಕ್ಕೂ 2010ರಲ್ಲಿ ಇದೇ ಆಯ್ತು. ಒಬಾಮ ಎರಡು ವರ್ಷ ಮುಂದುವರಿಸಿದರು, 2013ರಲ್ಲಿ ಬಹುಪಾಲು ಕಾಯಂ ಆಯ್ತು.

2025ರಲ್ಲೂ ಅದೇ. ಸೆನೆಟ್‌ನಲ್ಲಿ 50-50 ಸಮ, ಉಪಾಧ್ಯಕ್ಷ ವ್ಯಾನ್ಸ್ ಓಟಿನಿಂದ ಪಾಸಾಯ್ತು. ಜುಲೈ 4ರಂದು ಟ್ರಂಪ್ ಸಹಿ. ಈ ಕಾಯ್ದೆಯಿಂದ ಹತ್ತು ವರ್ಷದಲ್ಲಿ ಕೊರತೆ ಸುಮಾರು 3.4 ಲಕ್ಷ ಕೋಟಿ ಡಾಲರ್ ಹೆಚ್ಚುತ್ತೆ, 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಆರೋಗ್ಯ ವಿಮೆ ಕಳೆದುಕೊಳ್ತಾರೆ ಅಂತ ಅಲ್ಲಿನ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿದೆ.

ಈಗ ಇನ್ನೊಂದು ಗಡುವು ನೋಡಿ. 2021ರಲ್ಲಿ ಮಕ್ಕಳ ತೆರಿಗೆ ರಿಯಾಯಿತಿ ಹೆಚ್ಚಿಸಿದರು. ಆದಾಯವೇ ಇಲ್ಲದ ಮನೆಗೂ ತಿಂಗಳು ತಿಂಗಳು ಹಣ ಬಂತು. ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಡಿಸೆಂಬರಿಗೆ ಗಡುವು ಮುಗಿಯಿತು. ಸೆನೆಟರ್ ಜೋ ಮಾಂಚಿನ್ ಒಪ್ಪಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. 2022ರಲ್ಲಿ ಮಕ್ಕಳ ಬಡತನ ಶೇ. 12.4! ಇದಕ್ಕೆ ಆ ಹಣ ನಿಂತಿದ್ದೂ ಒಂದು ದೊಡ್ಡ ಕಾರಣ.

ನಾನು ಗುಮಾಸ್ತ. ಕಡತಕ್ಕೆ ದಿನಾಂಕ ತಾನಾಗಿ ಬಂದು ಕೂರಲ್ಲ, ಯಾರೋ ಹಾಕ್ತಾರೆ ಅನ್ನೋದು ಗೊತ್ತು. ಆಫೀಸಲ್ಲಿ ಟೀ ಹೊತ್ತಿಗೆ "ಮೀಸಲಾತಿ ಹತ್ತೇ ವರ್ಷಕ್ಕೆ ಇದ್ದಿದ್ದಲ್ವಾ, ಇನ್ನೂ ಎಷ್ಟು ದಿನ?" ಅಂತ ಕೇಳೋರಿದ್ದಾರೆ. ಸಂವಿಧಾನದ 334ನೇ ವಿಧಿಯ ಹತ್ತು ವರ್ಷ ಇರೋದು ಲೋಕಸಭೆ, ವಿಧಾನಸಭೆ ಸೀಟುಗಳಿಗೆ. ಅದು ಈಗ 2030ರವರೆಗೆ ಇದೆ. ಓದು, ನೌಕರಿಯ ಮೀಸಲಾತಿಗೆ ಅಂಥ ಗಡುವೇ ಇಲ್ಲ. 2019ರಲ್ಲಿ ನಮ್ಮಲ್ಲೂ ಕಂಪನಿ ತೆರಿಗೆ ಶೇ. 30ರಿಂದ 22ಕ್ಕೆ ಇಳಿಯಿತು. ಅದಕ್ಕೆ "ಎಷ್ಟು ದಿನ?" ಅಂತ ಕೇಳಿದವರನ್ನ ನಾನು ಕಂಡಿಲ್ಲ.

ಉಳ್ಳವರಿಗೆ ಸಿಕ್ಕಿದ್ದು ಹಕ್ಕು, ನಮಗೆ ಸಿಕ್ಕಿದ್ದು ಭಿಕ್ಷೆ ಅನ್ನೋ ಲೆಕ್ಕ ಎಲ್ಲಾ ಕಡೆ ಒಂದೇ. ಬಜೆಟ್ ಬಂದಾಗ ಅಂಕಿ ಮಾತ್ರ ಓದಬೇಡಿ, ಗಡುವನ್ನೂ ಓದಿ. ಯಾರದು ಕಾಯಂ, ಯಾರದು ತಾತ್ಕಾಲಿಕ ಅಂತ ಕೇಳಿ.